ಹೆರಿಗೆ ಕೋಣೆಯಲ್ಲಿ ಹುಳುಮನೆಯ ಸದ್ದು

ಕಳೆದ ಆಗಸ್ಟ್ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಕನಕಪುರದ ಆಸ್ಪತ್ರೆಯಲ್ಲಿ ನನ್ನ ಬಿಪಿ ನೂರ ಎಪ್ಪತ್ತಕ್ಕೆ ನೂರ ಹತ್ತು ಬಂತು. ಆಗ ನನಗೆ ಎಂಟು ತಿಂಗಳು ತುಂಬಿತ್ತು. ಹಿಂದಿನ ದಿನದಿಂದ ತಲೆನೋವಿತ್ತು. ಕಣ್ಣ ಮುಂದೆ ಚುಕ್ಕಿಗಳು ಬಂದು ಹೋಗುತ್ತಿದ್ದವು. ಉಂಗುರ ಬೆರಳು ಬಿಟ್ಟು ಬರುತ್ತಿರಲಿಲ್ಲ.

ಡಾಕ್ಟರ್ ಮತ್ತೊಮ್ಮೆ ಅಳೆದರು. ಯೂರಿನ್ ಟೆಸ್ಟ್ ರಿಪೋರ್ಟ್ ನೋಡಿದರು.

"ಪ್ರಿ-ಎಕ್ಲಾಂಪ್ಸಿಯಾ, ಬಸುರಿನಲ್ಲಿ ಬರೋ ಬಿಪಿ ಕಾಯಿಲೆ. ಮನೆಗೆ ಕಳಿಸೋ ಹಾಗಿಲ್ಲ. ಫಿಟ್ಸ್ ಬರದ ಹಾಗೆ ಇಂಜೆಕ್ಷನ್ ಶುರು ಮಾಡ್ತೀವಿ. ಬಿಪಿ ಹಿಡಿತಕ್ಕೆ ಬಂದ ಮೇಲೆ ಹೆರಿಗೆ ಮಾಡಿಸಿಬಿಡೋಣ."

"ಮಗು?"

"ಹಾರ್ಟ್ ಬೀಟ್ ಚೆನ್ನಾಗಿದೆ."

ಎರಡು ವರ್ಷದ ಹಿಂದೆ, ಇದೇ ಬಿಪಿಯಿಂದ, ಏಳನೇ ತಿಂಗಳಲ್ಲಿ ನನ್ನ ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು.

ಆ ಹೆರಿಗೆಯ ನೋವು ಈಗ ಬಹುಪಾಲು ಮರೆತಿದೆ. ಮರೆಯದೆ ಉಳಿದಿರುವುದು ಅದರ ಕೊನೆಯ ನಿಶ್ಶಬ್ದ. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡುತ್ತಿದ್ದರು, ಯಾರೂ ಮಾತಾಡಲಿಲ್ಲ, ಟ್ರೇಗೆ ಕತ್ತರಿ ಇಟ್ಟ ಸದ್ದು ಮಾತ್ರ ಕೇಳಿತು. ಈ ಸಲ ಏನೇ ಆದರೂ ಆ ಕೋಣೆ ಹಾಗೆ ಸುಮ್ಮನಿರಬಾರದು ಎಂದು ತೀರ್ಮಾನಿಸಿದ್ದೆ. ಫೋನಿಗೆ ಹಾಡು ತುಂಬಿಸಿಕೊಂಡಿದ್ದೆ. ಮೊದಲ ನೋವಿಗೆ ಭಾವಗೀತೆ, ನಡುವೆ ಸಿನಿಮಾ ಹಾಡು, ಕೊನೆಗೆ ತಮಟೆ. ನಾನು ರಾಮನಗರದ ಒಂದು ಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಮೊದಲೇ ತಯಾರಿ ಮಾಡಿಕೊಳ್ಳುವುದು ಅಭ್ಯಾಸ. ಚೆಕಪ್‌ಗೆ ಹೋದಾಗ ಡಾಕ್ಟರ್ ಅನುಮತಿಯನ್ನೂ ಕೇಳಿದ್ದೆ.

"ಹಾಡು ತಾನೆ, ಕೇಳಿ. ಕುಣಿಯೋಕೆ ಹೋಗಬೇಡಿ," ಅಂದಿದ್ದರು.

ಮಂಗಳವಾರ ಆ ಅನುಮತಿ ರದ್ದಾಯಿತು. ನನ್ನನ್ನು ವಾರ್ಡಿನ ತುದಿಯ ಒಂದು ಸಣ್ಣ ಕೋಣೆಗೆ ಹಾಕಿದರು. ಕಿಟಕಿಗೆ ಪರದೆ ಎಳೆದರು.

"ಜೋರು ಬೆಳಕು ಬೇಡ, ಜೋರು ಸದ್ದು ಬೇಡ, ಫಿಟ್ಸ್ ಬಂದೀತು. ಹಾಡೂ ಬೇಡ," ಎಂದರು ಡಾಕ್ಟರ್. "ಹೆಡ್‌ಫೋನಂತೂ ಬೇಡವೇ ಬೇಡ. ನಾವು ಕರೆದರೆ ನಿಮಗೆ ತಕ್ಷಣ ಕೇಳಬೇಕು, ನೀವು ಉತ್ತರ ಕೊಡಬೇಕು."

ನನ್ನ ಅತ್ತೆ ಪುಟ್ಟತಾಯಮ್ಮ ಪಕ್ಕದಲ್ಲೇ ನಿಂತಿದ್ದರು. ಹೆರಿಗೆ ಮುಗಿಯುವ ತನಕ ನನ್ನ ಜೊತೆ ಇರಲು ಅವರೊಬ್ಬರಿಗೇ ಅವಕಾಶ. ಡಾಕ್ಟರ್ ಹೇಳಿದ್ದು ನನಗಿಂತ ಮೊದಲು ಅವರಿಗೆ ಅರ್ಥವಾಯಿತು.

"ನಾಕನೇ ಜ್ವರಕ್ಕೆ ಕೂತ ಹುಳ ಇದ್ದಂಗೆ ಅನ್ನಿ," ಎಂದರು.

ಸಾತನೂರಿನ ಹತ್ತಿರ ನಮ್ಮದು ರೇಷ್ಮೆ ಸಾಕುವ ಮನೆ. ಹುಳು ಪೊರೆ ಬಿಡುವ ಮೊದಲು ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಹುಳುಮನೆಯಲ್ಲಿ ಯಾರೂ ಗದ್ದಲ ಮಾಡುವಂತಿಲ್ಲ, ಹುಳುವನ್ನು ಮುಟ್ಟುವಂತಿಲ್ಲ. ಅತ್ತೆ ಆ ಕಾನೂನನ್ನು ಆಸ್ಪತ್ರೆಯಲ್ಲೂ ಜಾರಿಗೆ ತಂದರು. ಬಾಗಿಲ ಹತ್ತಿರ ಯಾರದೋ ಫೋನ್ ಹಾಡಿದರೆ ಎದ್ದು ಹೋಗಿ ನಿಲ್ಲಿಸಿದರು. ವಾರ್ಡ್ ಬಾಯ್ ಸ್ಟೂಲನ್ನು ನೆಲದ ಮೇಲೆ ಎಳೆದುಕೊಂಡು ಬಂದಾಗ ಬಾಗಿಲಿಗೆ ಅಡ್ಡ ನಿಂತರು.

"ಒಸಿ ಎತ್ಕೊಂಡ್ ಬಾರಪ್ಪ. ಕಾಲೈತೆ ಅಂತ ಅದನ್ನ ನಡಸ್ಕೊಂಡು ಬತ್ತೀಯಲ್ಲ."

ಮ್ಯಾಗ್ನೀಸಿಯಂ ಇಂಜೆಕ್ಷನ್ ಸೊಂಟದ ಎರಡೂ ಕಡೆ ಕೊಟ್ಟರು. ಮೈ ಒಳಗಿನಿಂದ ಕಾದಂತಾಯಿತು. ನಾಲಗೆ ದಪ್ಪವಾಯಿತು. ಸಿಸ್ಟರ್ ರೇಣುಕಾ ಆಗಾಗ ಬಂದು ಸಣ್ಣ ಸುತ್ತಿಗೆಯಿಂದ ಮಂಡಿ ತಟ್ಟಿ ನೋಡುತ್ತಿದ್ದರು. ಕಾಲು ನೆಗೆದರೆ ಔಷಧಿ ಹೆಚ್ಚಾಗಿಲ್ಲವೆಂದು ತಲೆಯಾಡಿಸಿ ಹೋಗುತ್ತಿದ್ದರು.

ಗಂಡ ಮಹೇಶ್ ಅಂದು ಸಂಜೆಯವರೆಗೂ ಹೊರಗಿನ ಬೆಂಚಿನ ಮೇಲಿದ್ದರು. ಮನೆಯಲ್ಲಿ ಹುಳು ಕೊನೆಯ ಜ್ವರದಿಂದ ಎದ್ದು ಹಸಿದಿದ್ದವು. ಅವರನ್ನು ಮನೆಗೆ ಅಟ್ಟಿದ್ದು ಅತ್ತೆಯೇ.

"ನೀನಿಲ್ಲಿ ಕೂತ್ಕೊಂಡು ಏನ್ ಹೆರ್ತೀಯಾ? ಹೋಗು, ಸೊಪ್ಪು ಹಾಕೋಗು."

ಬಿಪಿ ಇಳಿಯಿತು. ನೋವು ಬರಿಸುವ ಜೆಲ್ ಇಟ್ಟರು. ಬುಧವಾರ ಬೆಳಿಗ್ಗೆ ನೋವು ಶುರುವಾಯಿತು.

ಕೋಣೆ ಡಾಕ್ಟರ್ ಬಯಸಿದಷ್ಟು ನಿಶ್ಶಬ್ದವಾಗಿತ್ತು. ನನ್ನ ಕಿವಿಯೊಳಗೆ ನನ್ನದೇ ನಾಡಿ ಹೊಡೆದುಕೊಳ್ಳುತ್ತಿತ್ತು. ಟ್ರೇಗೆ ಏನನ್ನು ಇಟ್ಟರೂ ಎರಡು ವರ್ಷದ ಹಿಂದಿನ ಕತ್ತರಿಯ ಸದ್ದೇ ಕೇಳುತ್ತಿತ್ತು. ಮಗುವಿನ ಎದೆಬಡಿತವನ್ನು ಡಾಪ್ಲರ್‌ನಲ್ಲಿ ಕೇಳಿಸುವಾಗ ಮಾತ್ರ ಈ ಕೋಣೆಯಲ್ಲಿರುತ್ತಿದ್ದೆ. ಸಿಸ್ಟರ್ ಆ ಯಂತ್ರ ತೆಗೆದ ಕೂಡಲೇ ಮತ್ತೆ ಆ ಹಳೆಯ ಕೋಣೆಗೆ ಹೋಗಿಬಿಡುತ್ತಿದ್ದೆ. ಬಿಪಿ ಮತ್ತೆ ಏರತೊಡಗಿತು. ಕಾರಣ ಇದೇ ಎಂದು ನಾನು ಬರೆಯಲಾರೆ. ಏರಿದ್ದು ನಿಜ. ಹೀಗೇ ಮುಂದುವರಿದರೆ ಸಿಸೇರಿಯನ್ ಎಂದು ಡಾಕ್ಟರ್ ಹೇಳಿ ಹೋದದ್ದೂ ನಿಜ.

ಅಷ್ಟರಲ್ಲಿ ಮಹೇಶ್ ಫೋನ್ ಮಾಡಿದರು. ಅತ್ತೆ ಫೋನನ್ನು ನನ್ನ ಕಿವಿಗೆ ಹಿಡಿದರು.

"ನೋವು ಬತ್ತಾ ಐತಾ? ಡಾಕ್ಟ್ರು ಏನಂದ್ರು?"

ಅವರ ಮಾತಿನ ಹಿಂದೆ ಇನ್ನೊಂದು ಸದ್ದಿತ್ತು. ಅವರು ಹುಳುಮನೆಯಲ್ಲಿದ್ದರು. ಸಾವಿರಾರು ಹುಳುಗಳು ಒಟ್ಟಿಗೆ ಸೊಪ್ಪು ಮೇಯುತ್ತಿದ್ದವು.

"ರೀ, ನೀವು ಮಾತಾಡಬೇಡಿ."

"ಯಾಕೆ, ಕೋಪನಾ?"

"ಕೋಪ ಇಲ್ಲ. ಫೋನನ್ನ ಹುಳಿನ ಹತ್ರ ಇಟ್ಟು ನಿಮ್ಮ ಕೆಲಸ ನೋಡ್ಕೊಳ್ಳಿ. ಕಟ್ ಮಾಡಬೇಡಿ."

"ಅಲ್ಲಿಟ್ರೆ ಯಾರ್ ಮಾತಾಡ್ತಾರೆ?"

"ಯಾರೂ ಮಾತಾಡೋದು ಬೇಡ. ಹುಳ ಮೇಯೋದು ಕೇಳ್ಬೇಕು."

"ಒಸಿ ಅವ್ವಂಗೆ ಕೊಡು," ಎಂದರು ಮಹೇಶ್.

ನನಗೆ ಬುದ್ಧಿ ತಪ್ಪುತ್ತಿದೆ ಎಂದುಕೊಂಡಿದ್ದರಂತೆ. ಅತ್ತೆ ನನ್ನ ಮುಖವನ್ನೇ ನೋಡುತ್ತಾ ಮಗನಿಗೆ ವರದಿ ಕೊಟ್ಟರು. "ನೆಟ್ಟಗವಳೆ ಕಣ್ಲಾ. ಹೇಳ್ದಂಗೆ ಮಾಡು."

ಸ್ಪೀಕರ್ ಸಣ್ಣಗೆ ಇಟ್ಟು ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡೆ. ಮಂಡಿ ತಟ್ಟಲು ಬಂದ ಸಿಸ್ಟರ್ ಬಾಗಿಲಲ್ಲೇ ನಿಂತರು.

"ಹೊರಗೆ ಮಳೆನಾ?"

"ಉಣ್ತಾವೆ ಕಣವ್ವ, ನಮ್ಮ ಹುಳ," ಎಂದರು ಅತ್ತೆ.

ಸಿಸ್ಟರ್ ಹೋಗಿ ಡಾಕ್ಟರನ್ನು ಕರೆತಂದರು. ಡಾಕ್ಟರ್ ಬಗ್ಗಿ ಕೇಳಿದರು. ಏರಿಳಿತವಿಲ್ಲದ ಸದ್ದು, ಸಣ್ಣಗೆ ಇದ್ದರೆ ತೊಂದರೆಯಿಲ್ಲ ಎಂದರು.

ತೊಂದರೆ ಇದ್ದದ್ದು ಅತ್ತೆಗೆ. ಮುಂದಿನ ನೋವಿಗೆ ನಾನು ಕೂಗಿದೆ. ಅವರು ಥಟ್ಟನೆ ಸೆರಗನ್ನು ಮಡಿಸಿ ಫೋನಿನ ಮೇಲೆ ಒತ್ತಿ ಹಿಡಿದರು.

"ಹಿಂಗೆ ಕಿರುಚಾಡೋದು ಹುಳಕ್ಕೆ ಕೇಳಂಗಿಲ್ಲ. ಮೇವು ಬುಟ್ಬುಡ್ತವೆ."

"ಅಜ್ಜಿ, ನಾನು ಮ್ಯೂಟ್ ಮಾಡಿದೀನಿ. ಇಲ್ಲಿಂದು ಅಲ್ಲಿಗೇನೂ ಕೇಳಲ್ಲ," ಎಂದರು ಸಿಸ್ಟರ್.

"ನೀನು ಮಾಡಿದ್ದೀಯಾ. ಅದು ಆಗೈತೋ ಇಲ್ವೋ ಯಾವನು ಕಂಡ?"

ಸೆರಗು ಕದಲಲಿಲ್ಲ. ನೋವು ಹೋದ ಮೇಲೆಯೇ ತೆಗೆದರು. ಮತ್ತೆ ನೋವು ಬಂತು. ಕೂಗಿದೆ. ಮತ್ತೆ ಸೆರಗು. ನನಗೆ ಆ ಸದ್ದು ಬೇಕಿದ್ದದ್ದೇ ನೋವಿನ ಹೊತ್ತಿನಲ್ಲಿ. ಸರಿಯಾಗಿ ಅದೇ ಹೊತ್ತಿಗೆ ಅದು ಮುಚ್ಚಿಹೋಗುತ್ತಿತ್ತು. ಎಪ್ಪತ್ತು ದಾಟಿದ ಅತ್ತೆಯ ಜೊತೆ, ಆ ಸ್ಥಿತಿಯಲ್ಲಿ, ವಾದ ಮಾಡಿ ಗೆಲ್ಲುವಂತಿರಲಿಲ್ಲ. ಹಾಗಾಗಿ ಮುಂದಿನ ನೋವಿಗೆ ಬಾಯಿ ಮುಚ್ಚಿ, ಮೂಗಿನಿಂದ ಉಸಿರೆಳೆದು, ತುಟಿಯ ಸಂದಿನಿಂದ ನಿಧಾನವಾಗಿ ಬಿಟ್ಟೆ. ಅತ್ತೆ ಸೆರಗು ಹಿಡಿದು ಕಾದರು. ಕೂಗು ಬರಲಿಲ್ಲ. ಸೆರಗೂ ಬೀಳಲಿಲ್ಲ.

ನೋವು ತುದಿಗೆ ಹೋಗಿ ಇಳಿಯುವ ತನಕ ಹುಳುಗಳು ಮೇಯುತ್ತಲೇ ಇದ್ದವು.

ಉಸಿರಾಡುವುದನ್ನು ಚೆಕಪ್‌ಗಳಲ್ಲಿ ಹೇಳಿಕೊಟ್ಟಿದ್ದರು. ಆಗ ಕಲಿತಿರಲಿಲ್ಲ. ಅಂದು ಸೆರಗಿನ ಭಯಕ್ಕೆ ಕಲಿತೆ. ಆ ಮೇಲಿನ ಪ್ರತಿ ನೋವಿನಲ್ಲೂ ನಾನಿದ್ದದ್ದು ನಮ್ಮ ಹುಳುಮನೆಯಲ್ಲಿ. ಹಿಂದಿನ ಹೆರಿಗೆಯ ಕೋಣೆ ಎಲ್ಲೂ ಇರಲಿಲ್ಲ. ಬಿಪಿ ಮತ್ತೆ ಏರಲಿಲ್ಲ. ಮಾತ್ರೆಯ ಪ್ರಮಾಣವನ್ನು ಆಗಷ್ಟೇ ಹೆಚ್ಚಿಸಿದ್ದರು, ಅದನ್ನೂ ಹೇಳಬೇಕು.

ಮಧ್ಯಾಹ್ನದ ಹೊತ್ತಿಗೆ ಸದ್ದು ತೆಳುವಾಯಿತು. ಅತ್ತೆ ಕುಳಿತಲ್ಲೇ ಕಿವಿ ನಿಮಿರಿಸಿದರು.

"ಸೊಪ್ಪು ಮುಗೀತು. ಎಲ್ಲೋದ ಇವನು?" ಫೋನಿನ ಹತ್ತಿರ ಬಾಯಿಟ್ಟು ಪಿಸುಗುಟ್ಟಿದರು. "ಲೇ ಮಹೇಶ, ಸೊಪ್ಪು ಹಾಕ್ಲಾ. ಮಹೇಶ."

"ಮ್ಯೂಟ್‌ನಲ್ಲಿದೆ ಅಜ್ಜಿ," ಎಂದರು ಸಿಸ್ಟರ್.

"ನಾನು ಮಾತಾಡೋವಾಗ ಮಾತ್ರ ನೆಟ್ಟಗೆ ಕೆಲಸ ಮಾಡ್ತದೆ ಅದು."

ನನಗೆ ನಗು ಬಂತು. ನಗುವಿನ ಮಧ್ಯೆಯೇ ನೀರು ಒಡೆಯಿತು.

ಅಲ್ಲಿಂದ ಮುಂದಿನದು ಬೇಗ ನಡೆಯಿತು. ಲೇಬರ್ ಟೇಬಲ್‌ಗೆ ಬದಲಾಯಿಸಿದರು. ಫೋನ್ ಅತ್ತೆಯ ಕೈಯಲ್ಲಿತ್ತು. ಕೊನೆಯ ಹೊತ್ತಿನಲ್ಲಿ ಹುಳುವಿನ ಸದ್ದು ಕೇಳುತ್ತಿತ್ತೇ ಎಂಬುದರ ಬಗ್ಗೆ ಎರಡು ಹೇಳಿಕೆಗಳಿವೆ. ಮಹೇಶ್ ಬಂದು ಸೊಪ್ಪು ಹಾಕಿದ, ಸದ್ದು ಜೋರಾಗಿಯೇ ಇತ್ತು ಎನ್ನುತ್ತಾರೆ ಅತ್ತೆ. ಕಾಲ್ ಅಷ್ಟರಲ್ಲಿ ಕಟ್ ಆಗಿತ್ತು ಎನ್ನುತ್ತಾರೆ ಸಿಸ್ಟರ್. ನನಗೆ ಏನೂ ಕೇಳಿಸಿರಲಿಲ್ಲ. "ತಳ್ಳಮ್ಮ" ಎಂಬ ಡಾಕ್ಟರ್ ದನಿ ಬಿಟ್ಟರೆ ಬೇರೇನೂ ನೆನಪಿಲ್ಲ.

ಮಗು ಹುಟ್ಟಿತು. ಅಳಲಿಲ್ಲ.

ಕೋಣೆ ಸುಮ್ಮನಾಯಿತು. ಮಗುವನ್ನು ವಾರ್ಮರ್ ಕೆಳಗೆ ಒಯ್ದರು. ನನಗೆ ಡಾಕ್ಟರ್ ಬೆನ್ನು ಮಾತ್ರ ಕಾಣುತ್ತಿತ್ತು. ಸಕ್ಷನ್ ಮಾಡುವ ಸದ್ದು ಕೇಳಿತು. ನಿಂತಿತು. ಮತ್ತೆ ಕೇಳಿತು.

"ಯಾಕವ್ವ ಅಳ್ನಿಲ್ಲ?" ಎಂದರು ಅತ್ತೆ.

ಅತ್ತೆ ನನ್ನ ಕೈ ಹಿಡಿದುಕೊಂಡರು.

ಮೊದಲು ಬಂದದ್ದು ಅಳುವಲ್ಲ. ಒಂದು ಕೆಮ್ಮು, ಬೆಕ್ಕಿನ ಮರಿಯ ಕೆಮ್ಮಿನಷ್ಟು. ಆಮೇಲೆ ಅಳು. ಸಣ್ಣದು, ಒಡೆದ ದನಿಯದು. ನಡುವೆ ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಅತ್ತಿತು.

"ಹೆಣ್ಣು ಮಗು," ಎಂದರು ಡಾಕ್ಟರ್ ತಿರುಗಿ ನೋಡದೆ.

ಅತ್ತೆ ಹೊರಗೆ ಹೋಗಿ ಮಗನಿಗೆ ಫೋನ್ ಮಾಡಿದರು. ಅವರ ಮಾತು ನನಗೆ ಒಳಗೆ ಕೇಳುತ್ತಿತ್ತು.

"ಹೆಣ್ಮಗ ಕಣಪ್ಪ. ಇಬ್ರೂ ಅವ್ರೆ."

ಇನ್ನೊಂದು ದಿನ ಇಂಜೆಕ್ಷನ್ ಮುಂದುವರಿಯಿತು. ಹೆರಿಗೆಯಾದ ಮೇಲೂ ಫಿಟ್ಸ್ ಬರಬಹುದೆಂದು ಡಾಕ್ಟರ್ ಎಚ್ಚರಿಸಿದ್ದರು. ಬರಲಿಲ್ಲ. ಮಗುವಿನ ತೂಕ ಎರಡು ಕೆ.ಜಿ. ಮುಟ್ಟಿರಲಿಲ್ಲವಾದ್ದರಿಂದ ನವಜಾತ ಶಿಶುಗಳ ಘಟಕದಲ್ಲಿ ಇಟ್ಟುಕೊಂಡರು. ಮಹೇಶ್ ಹುಳುವನ್ನು ತಮ್ಮನಿಗೆ ಒಪ್ಪಿಸಿ ಹೆರಿಗೆಯಾದ ಸಂಜೆಯೇ ಬಂದು ಗಾಜಿನಾಚೆಯಿಂದ ಮಗಳನ್ನು ನೋಡಿದರು. ಸೂತಕ ಕಳೆಯುವ ತನಕ ಹುಳುಮನೆಯ ಹೊಸ್ತಿಲು ದಾಟಕೂಡದೆಂದು ಅವರಿಗೆ ಅತ್ತೆಯ ಆದೇಶವಾಯಿತು.

ಪ್ರತಿ ನೋವಿನಲ್ಲೂ ಪಕ್ಕದಲ್ಲಿ ನಿಂತ ಅತ್ತೆಗೆ, ಮಂಡಿ ತಟ್ಟಿದ ಸಿಸ್ಟರ್‌ಗೆ, ಬಗ್ಗಿ ಕೇಳಿ ಒಪ್ಪಿದ ಡಾಕ್ಟರಿಗೆ ನಾನು ಋಣಿ. ಮುಂದೆಯೂ ಬಿಪಿ ಬರುವ ಸಾಧ್ಯತೆ ನನಗೆ ಹೆಚ್ಚು, ವರ್ಷವರ್ಷ ತೋರಿಸಿಕೊಳ್ಳಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ತೋರಿಸಿಕೊಳ್ಳುತ್ತೇನೆ.

ಕಳೆದ ಶುಕ್ರವಾರ ಇಬ್ಬರಿಗೂ ಚೆಕಪ್ ಆಯಿತು. ನನ್ನ ಬಿಪಿ ನೂರ ಮೂವತ್ತಕ್ಕೆ ಎಂಬತ್ತಾರು. ಎರಡು ಮಾತ್ರೆಗಳಲ್ಲಿ ಒಂದನ್ನು ನಿಲ್ಲಿಸಿದ್ದಾರೆ, ಇನ್ನೊಂದು ಮುಂದುವರಿದಿದೆ. ಮಗು ಮೂರು ಕೆ.ಜಿ. ಇನ್ನೂರು ಗ್ರಾಂ ತೂಗಿದೆ.