ಬ್ಯಾಡರ ಮನೆಯ ಎಲ್ಕ್

ಬಂದೂಕಿನ ನಳಿಗೆ ಒರೆಸುವ ಎಣ್ಣೆಗೆ ಒಂದು ವಿಚಿತ್ರ ವಾಸನೆಯಿರುತ್ತದೆ. ಅತಿಯಾಗಿ ಮಾಗಿದ ಬಾಳೆಹಣ್ಣನ್ನು ಸೀಮೆಎಣ್ಣೆಯಲ್ಲಿ ಅದ್ದಿದರೆ ಹೇಗಿದ್ದೀತೋ ಹಾಗೆ. ಹೋದ ತಿಂಗಳು ಕ್ಯಾಲಿಫೋರ್ನಿಯಾದ ಡಬ್ಲಿನ್‌ನಲ್ಲಿ ನಮ್ಮ ಬೀದಿಯಲ್ಲಿ ನಡೆದು ಹೋಗುವಾಗ ಯಾರದೋ ತೆರೆದ ಗ್ಯಾರೇಜಿನಿಂದ ಆ ವಾಸನೆ ಬಂತು. ಕಾಲು ತಾನಾಗಿ ನಿಂತಿತು. ಒಳಗಿದ್ದ ಮುದುಕ ಏನು ಬೇಕು ಎನ್ನುವಂತೆ ನೋಡಿದ. ಏನೂ ಇಲ್ಲವೆಂದು ಕೈಯಾಡಿಸಿ ಮುಂದೆ ನಡೆದೆ. ಮನಸ್ಸು ಅಷ್ಟರಲ್ಲಿ ಇಲ್ಲೇ ಹತ್ತಿರದ ನೆವಾರ್ಕಿಗೆ, ಎಂಬತ್ತರ ದಶಕದ ನಮ್ಮ ಮನೆಗೆ ಹೋಗಿ ಮುಟ್ಟಿತ್ತು. ಉಪ್ಪಿನ ಮಡಿಗಳ ಹಿಂದಿದ್ದ, ಮಾಸಲು ಹಳದಿ ಬಣ್ಣದ ಒಂದಂತಸ್ತಿನ ಮನೆ. ಕೊಲ್ಲಿಯ ಕಡೆಯಿಂದ ಗಾಳಿ ಬೀಸಿದರೆ ಕೆಸರಿನ ನಾತ, ಅಡುಗೆಮನೆಯ ಬಾಗಿಲು ತೆರೆದರೆ ಮಸಾಲೆ ಖಾರದ ಘಾಟು, ಗ್ಯಾರೇಜಿನಲ್ಲಿ ಈ ಎಣ್ಣೆ. ಆ ಮನೆಯಲ್ಲಿ ನಾವು ನಾಲ್ವರು: ಮಷೀನ್ ಶಾಪಿನಲ್ಲಿ ಕೆಲಸಕ್ಕಿದ್ದ ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ ಮತ್ತು ನಾನು. ನಾನು ಎರಡು ವರ್ಷದವಳಿದ್ದಾಗ ಸುರಪುರದ ಹತ್ತಿರದ ಹಳ್ಳಿಯಿಂದ ಅಪ್ಪ ಅವ್ವ ನನ್ನನ್ನು ಎತ್ತಿಕೊಂಡು ಬಂದಿದ್ದರು. ಈಗ ಆ ಮೂವರೂ ಇಲ್ಲ. ಮನೆಯಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು, ಅದನ್ನು ನೆನೆದಾಗ ನಿಮ್ಮ ಕಣ್ಣು ತುಂಬುತ್ತಿರಬಹುದು. ನನಗೆ ಮೊದಲು ಬರುವುದು ಸಿಟ್ಟು. ಕಣ್ಣೀರಿನ ಸರದಿ ಆಮೇಲೆ.

ಆಗ ಕೊಲ್ಲಿಯ ಪೂರ್ವಕ್ಕಿರುವ ಈ ಈಸ್ಟ್ ಬೇ ಊರುಗಳಲ್ಲಿ ನಮಗೆ ಗೊತ್ತಿದ್ದ ಕನ್ನಡದ ಮನೆಗಳು ಹದಿನೈದಿದ್ದರೆ ಹೆಚ್ಚು. ಯುಗಾದಿ, ಗಣೇಶನ ಹಬ್ಬ, ದಸರಾ ಬಂದರೆ ಎಲ್ಲರೂ ಫ್ರೀಮಾಂಟಿನ ವಾಸು ಅಂಕಲ್ ಮನೆಯಲ್ಲಿ ಸೇರುತ್ತಿದ್ದೆವು. ಅವರು ಮೈಸೂರಿನವರು, ದೊಡ್ಡ ಇಂಜಿನಿಯರು, ಮಾತು ಬಲು ಮೆದು. ಯಾರು ಏನು ಮಾಡಿ ತರಬೇಕೆಂದು ಅವರ ಹೆಂಡತಿ ನಳಿನಿ ಆಂಟಿ ವಾರ ಮೊದಲೇ ಫೋನಿನಲ್ಲಿ ಹಂಚುತ್ತಿದ್ದರು. ಅವ್ವನ ಪಾಲಿಗೆ ಶೇಂಗಾ ಹೋಳಿಗೆ. ಅವ್ವನಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಕಾರು ಓಡಿಸಲೂ ಬರುತ್ತಿರಲಿಲ್ಲ. ಆ ಅಡುಗೆಮನೆಯಲ್ಲಿ ನಾಲ್ಕು ಹೆಂಗಸರ ನಡುವೆ ನಿಂತು ಕನ್ನಡದಲ್ಲಿ ಮಾತಾಡುವ ಎರಡು ಗಂಟೆಗಾಗಿ ಅವಳು ತಿಂಗಳುಗಟ್ಟಲೆ ಕಾಯುತ್ತಿದ್ದಳು. ಯಾವ ಸೀರೆ ಉಡುವುದೆಂದು ಹತ್ತು ದಿನ ಮೊದಲೇ ತೆಗೆದಿಡುತ್ತಿದ್ದಳು. ವಾಪಸು ಬರುವಾಗ ಕಾರಿನಲ್ಲಿ, ಯಾರು ಏನಂದರು, ತಾನೇನಂದೆ ಎಂಬುದನ್ನು ಒಂದೂ ಬಿಡದೆ ಅಪ್ಪನಿಗೆ ಒಪ್ಪಿಸುತ್ತಿದ್ದಳು. ಅಷ್ಟು ಚೆಂದದ ಅವ್ವನನ್ನು ನಾನು ಬೇರೆ ಯಾವ ಹೊತ್ತಿನಲ್ಲೂ ನೋಡಿಲ್ಲ.

ಅದನ್ನು ಕೆಡಿಸಿದ್ದು ನಾನು. ನನಗಾಗ ಒಂಬತ್ತು. ಮನೆಯ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆಡಲು ನಾಲಿಗೆ ಹೊರಳುತ್ತಿರಲಿಲ್ಲ. ಆಯಿ ಆಗತಾನೆ ಊರಿನಿಂದ ಬಂದಿದ್ದಳು. ಬ್ರೆಡ್ಡು ಕೊಟ್ಟರೆ ಬ್ಯಾಡ, ಚೀಸು ಕೊಟ್ಟರೆ ಬ್ಯಾಡ, ಹೀಟರು ಹಾಕಿದರೂ ಬ್ಯಾಡ. ಮಾತು ಬಂದಾಗೆಲ್ಲ ಎದೆಯ ಮೇಲೆ ಕೈಯಿಟ್ಟು, “ನಾವು ಬ್ಯಾಡ್ರು, ಯಾರಿಗೂ ತಲಿ ಬಾಗಿಸಿದವರಲ್ಲ” ಅನ್ನುತ್ತಿದ್ದಳು. ಏನು ಕೊಟ್ಟರೂ ಬೇಡ ಅನ್ನುವ ಧೈರ್ಯವಿರುವ ಜನ ನಾವು ಎಂದು ನಾನು ತಿಳಿದುಕೊಂಡಿದ್ದೆ. ಬೇಟೆಯಾಡುತ್ತಿದ್ದವರಿಗೆ ಆ ಹೆಸರು, ಅದೊಂದು ಜಾತಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ಯುಗಾದಿಗೆ ನಳಿನಿ ಆಂಟಿ ಪಾಯಸ ಬಡಿಸುತ್ತ, ಆಯಿಯ ಕೈಮೇಲಿನ ಹಚ್ಚೆ ನೋಡಿ, “ನಿಮ್ಮಜ್ಜಿ ಕಡೆಯವರು ಯಾವ ಜನ ಪುಟ್ಟಿ?” ಎಂದು ಕೇಳಿದರು. ಗೊತ್ತಿದ್ದ ಉತ್ತರವನ್ನು ಹೆಮ್ಮೆಯಿಂದ ಹೇಳಿದೆ.

“ಬ್ಯಾಡ್ರು.”

“ಏನು ಬೇಡ? ಪಾಯಸ ಬೇಡ್ವಾ?”

“ನೋ ಆಂಟಿ. ನಾವು ಬ್ಯಾಡ್ರು. ಆಯಿ ಸೆಡ್ ಸೋ.”

ಸೌಟು ಪಾತ್ರೆಯೊಳಗೇ ಒಂದು ಗಳಿಗೆ ನಿಂತಿತು. ಆಮೇಲೆ ಆಂಟಿ ನಕ್ಕರು, ನನಗೆ ಪಾಯಸವನ್ನೂ ಹಾಕಿದರು, ಮುಂದಿನವರ ಕಡೆ ಹೋದರು. ಆ ದಿನ ಅವ್ವನ ಹೋಳಿಗೆ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಮನೆಗೆ ಬಂತು. ಗಣೇಶನ ಹಬ್ಬದ ಹಿಂದಿನ ವಾರ ಫೋನು ಬಂತು. “ನಿಮಗ್ಯಾಕೆ ತೊಂದರೆ ಹೇಳಿ, ಮಗು ಸ್ಕೂಲು ಅದು ಇದು ಇರತ್ತೆ. ನೀವು ಪೇಪರ್ ಪ್ಲೇಟು, ಗ್ಲಾಸು ತಂದ್ಬಿಡಿ ಸಾಕು.” ಅಲ್ಲಿಂದ ಮುಂದೆ ಪ್ರತಿ ಹಬ್ಬಕ್ಕೂ ನಮ್ಮದು ಪೇಪರ್ ಪ್ಲೇಟು. ನಮ್ಮ ಕೈಯ ಅಡುಗೆ ಅವರ ಮೇಜಿಗೆ ಬರಕೂಡದು, ಅಷ್ಟೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದರು.

ಅವ್ವ ಪ್ಲೇಟಿನ ಕಟ್ಟು ಹಿಡಿದು ಹೋಗುತ್ತಲೇ ಇದ್ದಳು. ಅದೇ ಸೀರೆ ತೆಗೆದಿಡುವುದು, ಅದೇ ಕಾಯುವುದು. ಕಾಲುನೋವೆಂದು ಮನೆಯಲ್ಲೇ ಉಳಿಯುತ್ತಿದ್ದ ಆಯಿಗೆ ಇದು ತಿಳಿದದ್ದು ಮೂರನೆಯ ಹಬ್ಬಕ್ಕೆ. ಅವತ್ತು ಅವಳು ಊಟಕ್ಕೆ ಕೂರಲಿಲ್ಲ. ಅಪ್ಪ ಬೂಟು ಬಿಚ್ಚುವಷ್ಟರಲ್ಲಿ ಎದುರು ನಿಂತು, “ಬ್ಯಾಡ್ರು ಅಂತ ಹೊರಗ ಇಟ್ಟಾರಂದ್ರ, ಬ್ಯಾಡರಂಗ ಬಾಳಿ ತೋರಸು. ಬೇಟಿಗೆ ಹೋಗು” ಅಂದಳು.

“ಯವ್ವಾ, ನಾ ಬಂದೂಕ ಹಿಡದಾಂವಲ್ಲ.”

“ನಿಮ್ಮಜ್ಜ ಹಿಡದಿದ್ದ. ಅಷ್ಟ ಸಾಕು.”

ಅಪ್ಪ ಕಲಬುರಗಿಯ ಹಾಸ್ಟೆಲಿನಲ್ಲಿ ಬೆಳೆದು ಡಿಪ್ಲೊಮಾ ಮಾಡಿದವನು. ಬೋನಿಗೆ ಬಿದ್ದ ಇಲಿಯನ್ನೂ ಕೊಲ್ಲಲಾರದೆ ದೂರ ಬಿಟ್ಟು ಬರುತ್ತಿದ್ದವನು. ಆದರೂ ಒಪ್ಪಿದ. ಅವನ ಹೊಟ್ಟೆಯಲ್ಲೂ ಆ ಬೆಂಕಿ ಇತ್ತೆಂದು ನನಗೆ ಗೊತ್ತಾದದ್ದು ಆಗಲೇ.

ಶಾಪಿನಲ್ಲಿ ಅಪ್ಪನ ಫೋರ್‌ಮನ್ ಆಗಿದ್ದ ಡೇಲ್ ಪ್ರತಿ ಅಕ್ಟೋಬರಿನಲ್ಲೂ ಓರೆಗಾನಿನ ಪೂರ್ವದ ಬೆಟ್ಟಗಳಿಗೆ ಎಲ್ಕ್ ಬೇಟೆಗೆ ಹೋಗುತ್ತಿದ್ದ. ನೆವಾರ್ಕಿನಿಂದ ಒಂದು ಇಡೀ ಹಗಲಿನ ದಾರಿ. ಎಲ್ಕ್ ಅಂದರೆ ನಮ್ಮ ಕಡವೆಯ ಹಾಗಿರುವ, ಅದಕ್ಕಿಂತ ದೊಡ್ಡ ಪ್ರಾಣಿ. ಚಿತ್ರ ನೋಡಿದ ಆಯಿ, “ಎತ್ತಿನಷ್ಟ ಐತಲ್ಲೋ ಈ ಚಿಗರಿ” ಅಂದಿದ್ದಳು. ಅಪ್ಪ ಮೊದಲು ಬೇಟೆಯ ಸುರಕ್ಷತೆ ಕಲಿಸುವ ಕ್ಲಾಸಿಗೆ ಸೇರಿ, ತನ್ನ ಅರ್ಧ ವಯಸ್ಸಿನವರ ನಡುವೆ ಕೂತು ಪರೀಕ್ಷೆ ಬರೆದ. ಲೈಸೆನ್ಸು ಬಂತು, ಕಿತ್ತಳೆ ಬಣ್ಣದ ಜಾಕೆಟು ಬಂತು, ಡೇಲ್ ಬಿಟ್ಟುಕೊಟ್ಟ ಹಳೆಯ ರೈಫಲ್ಲು ಬಂತು. ಇಂಗಿನ ಒಗ್ಗರಣೆ ಎಲ್ಕಿನ ಮೂಗಿಗೆ ಒಂದು ಮೈಲಿಯಿಂದ ಗೊತ್ತಾಗುತ್ತದೆ ಎಂದು ಡೇಲ್ ಹೆದರಿಸಿದ್ದರಿಂದ ಬೇಟೆಯ ಬಟ್ಟೆಗಳೆಲ್ಲ ಗ್ಯಾರೇಜಿನಲ್ಲೇ ನೇತಾಡಿದವು. ಸಂಜೆ ನಾನೂ ಅಪ್ಪನೂ ನೆಲದ ಮೇಲೆ ಆ ಬೆಟ್ಟಗಳ ಮ್ಯಾಪು ಹಾಸಿಕೊಂಡು, ಗೆರೆಗಳು ಒತ್ತಾಗಿರುವಲ್ಲಿ ಏರು ಕಡಿದು ಎಂದು ಕಲಿತೆವು. ಮೊದಲ ವರ್ಷ ಮಾತ್ರ ಅಪ್ಪ ಆಯಿಯ ಮಾತು ಕೇಳಿ ಕೆಟ್ಟ. ಊರಿನ ಬೇಟೆಯಲ್ಲಿ ಹತ್ತಾರು ಜನ ಹಲಗೆ ಬಡಿದು ಕೂಗಿ ಪ್ರಾಣಿಯನ್ನು ಎಬ್ಬಿಸುತ್ತಿದ್ದರಂತೆ. ಎರಡು ದಿನ ಹಿಕ್ಕೆ ಬಿಟ್ಟರೆ ಏನೂ ಕಾಣದ ಅಪ್ಪ, ಮೂರನೆಯ ದಿನ ಒಂದು ಕಣಿವೆಯ ಬಾಯಲ್ಲಿ ನಿಂತು ತಟ್ಟೆ ಬಡಿದು ಹೋ ಎಂದು ಕೂಗಿದ. ಎಲ್ಕ್ ಎದ್ದವು, ಸುಳ್ಳಲ್ಲ. ಎದ್ದು ಎದುರಿನ ಬೆಟ್ಟ ಹತ್ತಿ ಆಚೆ ಇಳಿದು ಹೋದವು. ಡೇಲ್ ಆ ತಟ್ಟೆ ಕಸಿದು ಟ್ರಕ್ಕಿನೊಳಗೆ ಎಸೆದನಂತೆ.

ಮರುವರ್ಷ ಹಟ ಮಾಡಿ ನಾನೂ ಹೋದೆ. ಹನ್ನೊಂದು ವರ್ಷದ ಹುಡುಗಿಗೆ ಸೇಡೇನು ಗೊತ್ತು ಅನ್ನಬೇಡಿ. ಆ ವಯಸ್ಸಿನ ಸೇಡಿನಲ್ಲಿ ಬೆರಕೆ ಇರುವುದಿಲ್ಲ. ಪೈನ್ ಮರಗಳ ಕೆಳಗೆ ತೆಳ್ಳಗೆ ಹಿಮ ಬಿದ್ದು, ಕಾಲಿಟ್ಟಲ್ಲಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ಗಾಳಿ ಯಾವ ಕಡೆಗಿದೆ ಎಂದು ನೋಡಲು ಡೇಲ್ ಪೌಡರು ತೂರುತ್ತಿದ್ದ. ಅದು ಖಾಲಿಯಾದಾಗ ಅಪ್ಪ, ಆಯಿ ಕಟ್ಟಿಕೊಟ್ಟಿದ್ದ ವಿಭೂತಿಯನ್ನು ಉಜ್ಜಿ ಗಾಳಿಗೆ ಬಿಟ್ಟ. ಅದು ನಮ್ಮ ಮುಖಕ್ಕೇ ಬಂತು. ಒಳ್ಳೆಯದು, ನಮ್ಮ ವಾಸನೆ ಅವಕ್ಕೆ ಹೋಗುವುದಿಲ್ಲ ಎಂದು ಡೇಲ್ ತಲೆಯಾಡಿಸಿದ. ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಕೆಳಗಿನ ಹುಲ್ಲಿನಲ್ಲಿ ಐದು ಎಲ್ಕ್ ಕಂಡವು, ಅದರಲ್ಲೊಂದು ಕೊಂಬಿನದು. ಅಪ್ಪ ಬೋರಲು ಮಲಗಿ ಬಹಳ ಹೊತ್ತು ಗುರಿ ಹಿಡಿದ. ನಾನು ಕಣ್ಣು ಮುಚ್ಚಿ ನಳಿನಿ ಆಂಟಿಯ ಹೆಸರು ಹೇಳಿಕೊಂಡೆ. ಸದ್ದಾಯಿತು. ಅದು ನಾಲ್ಕು ಹೆಜ್ಜೆ ನಡೆದು, ಮುಂಗಾಲು ಮಡಿಸಿ ಕುಸಿಯಿತು. ಅಪ್ಪ ಹತ್ತಿರ ಹೋಗಿ ಟೋಪಿ ತೆಗೆದು, ಅದರ ಹಣೆ ಮುಟ್ಟಿ, ಬಿಕ್ಕಿ ಬಿಕ್ಕಿ ಅತ್ತ. ನನಗೆ ಅಳು ಬರಲಿಲ್ಲ, ಅಪ್ಪ ಅಳುತ್ತಾನಲ್ಲ ಎಂದು ಸಿಟ್ಟು ಬಂತು. ಕಡಿದು ಪಾಲು ಮಾಡಿ, ಬೆನ್ನ ಮೇಲೆ ಹೊತ್ತು ಟ್ರಕ್ಕಿಗೆ ತರಲು ಅವರಿಬ್ಬರಿಗೂ ಮಧ್ಯಾಹ್ನ ಮೀರಿತು. ಒಂದು ಸಣ್ಣ ಚೀಲ ನಾನೂ ಹೊತ್ತೆ.

ಆ ಚಳಿಗಾಲದಷ್ಟು ಸಂತೋಷವನ್ನು ನಮ್ಮ ಮನೆ ಮತ್ತೆ ಕಾಣಲಿಲ್ಲ. ಬೇಟೆ ಬಿದ್ದ ಮನೆಗೆ ಯಾರು ಬಂದರೂ ಪಾಲು ಕೊಡಬೇಕು, ನಾಯಿ ಬಂದರೂ, ಎಂದು ಆಯಿ ಬೀದಿಗೆಲ್ಲ ಹಂಚಿಸಿದಳು. ಊರಿನಿಂದ ಬಂದಿದ್ದ ಜೋಳದ ಹಿಟ್ಟಿನ ಕೊನೆಯ ಚೀಲ ಬಿಚ್ಚಿ ರೊಟ್ಟಿ ತಟ್ಟಿದಳು. ಅವ್ವ ಗ್ಯಾರೇಜಿನ ಗ್ಯಾಸಿನ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಎಲ್ಕಿನ ಸಾರು ಮಾಡಿದಳು. ಅಂಥ ಒಂದು ಶನಿವಾರ ಮಧ್ಯಾಹ್ನ, ಡ್ರಿಲ್ಲು ಕೇಳುವ ನೆಪದಲ್ಲಿ ವಾಸು ಅಂಕಲ್ ಒಬ್ಬರೇ ಬಂದರು. ಅಪ್ಪ ಡ್ರಿಲ್ಲು ಕೈಗೆ ಕೊಟ್ಟ ಮೇಲೂ ಹೋಗಲಿಲ್ಲ.

“ಏನೋ ಒಳ್ಳೆ ಘಮ ಬರ್ತಿದೆ ನಾಯಕ್ ಅವರೇ. ಕಾಲೇಜಲ್ಲಿ ಒಂದೆರಡು ಸಲ ನಾನ್ವೆಜ್ ತಿಂದಿದ್ದೆ. ಸುಮ್ನೆ ಟೇಸ್ಟ್ ನೋಡೋಣ ಅಂತ. ಮನೇಲಿ ಗೊತ್ತಾಗೋದು ಬೇಡ, ಪ್ಲೀಸ್.”

ಅವ್ವ ಒಳಗೆ ಓಡಿ ಸ್ಟೀಲಿನ ತಟ್ಟೆ ತಂದಳು. ಆಯಿ ಅದನ್ನು ಕಸಿದು ಪಕ್ಕಕ್ಕಿಟ್ಟು, ಕಪಾಟಿನಿಂದ ಪೇಪರ್ ಪ್ಲೇಟು ಎಳೆದು ಮುಂದಿಟ್ಟಳು. “ಇವು ನಿಮ್ಮ ಮನಿಯಾಕಿ ಹೇಳಿದ್ದ ತಾಟರಿ. ಉಣ್ರಿ.” ಅಂಕಲ್ಲಿನ ಕಿವಿ ಕೆಂಪಾಯಿತು. ಆದರೂ ಕೂತರು. ಸಾರು ಅಂಚು ದಾಟಿ ಪ್ಯಾಂಟಿನ ಮೇಲೆ ಸುರಿಯುತ್ತಿದ್ದರೂ ಮೂರು ಸಲ ಹಾಕಿಸಿಕೊಂಡರು. ಆಯಿಯ ಸೇಡು ಅಲ್ಲಿಗೆ ತೀರಿತ್ತು. ಕೈ ತೊಳೆಯಲು ನೀರನ್ನೂ ಅವಳೇ ಕೊಟ್ಟಳು.

ನನ್ನದು ತೀರಿರಲಿಲ್ಲ. ಬಂದ ಯುಗಾದಿಗೆ ಪ್ಲೇಟಿನ ಕಟ್ಟು ಹಿಡಿದು ಹೋದೆವು. ಎಲ್ಲರೂ ಊಟಕ್ಕೆ ಕೂತು, ವಾಸು ಅಂಕಲ್ ಏನೋ ಶ್ಲೋಕ ಹೇಳಿ ಮುಗಿಸಿದ ಹೊತ್ತು ನೋಡಿ, ಎಲ್ಲರಿಗೂ ಕೇಳುವ ಹಾಗೆ ಅಂದೆ: “ಅಂಕಲ್, ವಿ ಹ್ಯಾವ್ ಮೋರ್ ಎಲ್ಕ್. ಯೂ ಹ್ಯಾಡ್ ತ್ರೀ ಹೆಲ್ಪಿಂಗ್ಸ್ ಲಾಸ್ಟ್ ಟೈಮ್.” ಅಂಕಲ್ಲಿನ ಮುದಿ ತಾಯಿ ಊಟ ಬಿಟ್ಟು ಎದ್ದರು. ನಳಿನಿ ಆಂಟಿ ಮುಖ ಸುಟ್ಟ ಬದನೆಕಾಯಿ ಮಾಡಿಕೊಂಡು ನನ್ನ ಹತ್ತಿರ ಬಂದು, “ಮೊದಲು ಕನ್ನಡ ಸರಿಯಾಗಿ ಕಲಿ. ಆಮೇಲೆ ದೊಡ್ಡವರ ವಿಷಯ ಮಾತಾಡು” ಅಂದರು. ಇವತ್ತಿಗೂ ಆ ಗಳಿಗೆ ನೆನೆದರೆ ಬಾಯಲ್ಲಿ ನೀರೂರುತ್ತದೆ. ಕಾರಿನಲ್ಲಿ ಅಪ್ಪ ತಡೆಯಲಾರದೆ ನಕ್ಕ. ಅವ್ವ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅವತ್ತು ಯಾರು ಏನಂದರು ಎಂದು ಅವಳು ಒಪ್ಪಿಸಲಿಲ್ಲ.

ಅಲ್ಲಿಗೆ ಫೋನು ನಿಂತಿತು. ಪ್ಲೇಟು ತನ್ನಿ ಎಂದೂ ಯಾರೂ ಹೇಳಲಿಲ್ಲ. ಎರಡು ವರ್ಷಕ್ಕೆ ಆಯಿ ತೀರಿಕೊಂಡಳು, ಅಪ್ಪ ರೈಫಲ್ಲನ್ನು ಡೇಲ್‌ಗೆ ಹಿಂದಿರುಗಿಸಿದ. ಅವ್ವನಿಗೆ ಹಗಲೆಲ್ಲ ಮಾತಾಡಲು ಜನವಿಲ್ಲ. ನಾನು ಸ್ಕೂಲಿನಿಂದ ಬಂದರೆ ಬಾಗಿಲಲ್ಲೇ ಶುರು ಮಾಡುತ್ತಿದ್ದಳು, ನಾನು ಹೋಮ್‌ವರ್ಕಿದೆ ಎಂದು ಕೋಣೆ ಸೇರುತ್ತಿದ್ದೆ. ನಾನು ಕಾರು ಕಲಿತ ವರ್ಷ ಅವಳನ್ನು ಇಂಡಿಯನ್ ಗ್ರೋಸರಿಗೆ ಕರೆದುಕೊಂಡು ಹೋಗಿದ್ದೆ. ಬೇಳೆಯ ಸಾಲಿನಲ್ಲಿ ನಳಿನಿ ಆಂಟಿ ಎದುರಾದರು. ಅವ್ವ ನಗಲು ಬಾಯಿ ತೆರೆದಳು. ಆಂಟಿ ಗಾಡಿ ತಿರುಗಿಸಿಕೊಂಡು ಬೇರೆ ಸಾಲಿಗೆ ಹೋದರು. ಫ್ರೀವೇ ಹತ್ತಿದ ಮೇಲೆ ಅವ್ವ ಎದುರಿನ ಗಾಜು ನೋಡುತ್ತ ಹೇಳಿದಳು: “ಆಕಿ ಮಗಳಿಗೆ ಮದುವಿ ಆತಂತ. ಸೀರಿ ಎಲ್ಲಿ ತಗೊಂಡ್ರಿ ಅಂತ ಕೇಳಬೇಕು ಮಾಡಿದ್ದೆ. ಅಷ್ಟ. ಪ್ಲೇಟು ಹೊರೂದು ನನಗೇನ್ ಭಾರ ಇದ್ದಿಲ್ಲ ನೋಡು.” ಆಮೇಲೆ, “ಅಲ್ಲೇನವ್ವಾ?” ಅಂದಳು. ನಾನು, “ಹೂ ಕೇರ್ಸ್, ಮಾಮ್” ಅಂದೆ. ಮನೆ ಬರುವವರೆಗೂ ಅವಳು ಮತ್ತೆ ಬಾಯಿ ಬಿಡಲಿಲ್ಲ.

ಕನ್ನಡ ನಾನು ಆಮೇಲೆ ಕಲಿತೆ. ಪ್ರೀತಿ ಗೀತಿ ಏನಿಲ್ಲ, ಸೇಡಿಗೇ ಕಲಿತದ್ದು. ಓದಿದೆ, ಬರೆದೆ, ಒತ್ತಕ್ಷರ ತಿದ್ದಿದೆ. ಇದನ್ನು ನಳಿನಿ ಆಂಟಿ ಓದಲಿ, ಒಂದು ಕಾಗುಣಿತದ ತಪ್ಪೂ ಸಿಗದೆ ಉರಿದುಕೊಳ್ಳಲಿ ಎಂದು ಈಗಲೂ ಆಸೆಯಿದೆ. ಅವರ ಮೇಲಿನ ಸಿಟ್ಟು ನನ್ನ ಹೆಣದ ಜೊತೆಗೇ ಸುಟ್ಟುಹೋಗಬೇಕು. ಆದರೆ ನಾನು ಸರಿಯಾಗಿ ಕಲಿಯುವಷ್ಟರಲ್ಲಿ ಅವ್ವ ಹೋಗಿಯಾಗಿತ್ತು. ಆ ದಿನ ಕಾರಿನಲ್ಲಿ ಅವಳು ಕೇಳಿದ್ದಕ್ಕೆ ದೊಡ್ಡ ಉತ್ತರವೇನೂ ಬೇಕಿರಲಿಲ್ಲ. ಹೂಂ ಅಂದಿದ್ದರೆ ಸಾಕಿತ್ತು, ಅವಳು ಮುಂದಿನದನ್ನು ಹೇಳುತ್ತಿದ್ದಳು. ಹೂಂ ಅನ್ನಲು ನನಗೆ ಆಗಲೂ ಬರುತ್ತಿತ್ತು.