ನಲವತ್ತೈದಕ್ಕೆ ನಿಲ್ಲಿಸಿದ ಅನುರಾಧಾ

ಅನುರಾಧಾಳಿಗೆ ಏಪ್ರಿಲ್ ತಿಂಗಳ ಪಗಾರ, ಒಂಬತ್ತು ಸಾವಿರ, ಇನ್ನೂ ಬರಬೇಕು. ಕೊಡಬೇಕಾದವರು ಬೆಟಗೇರಿಯಲ್ಲಿ ಮದುವೆ ವಿಡಿಯೋ ಮಾಡಿಕೊಡುವ ಪುಂಡಲೀಕಪ್ಪ ಸಾವುಕಾರರು. ಮೊದಲು ನೇಕಾರರಿಗೆ ನೂಲು ಕೊಟ್ಟು ಸೀರೆ ನೇಯಿಸುತ್ತಿದ್ದರು. ಆ ಧಂದೆ ಕುಸಿದ ಮೇಲೆ ಕ್ಯಾಮೆರಾ ಕೊಂಡರು. ನೂಲು ಹೋಯಿತು, ಬುದ್ಧಿ ಉಳಿಯಿತು.

ಅನುರಾಧಾ ಅಲ್ಲಿ ವಿಡಿಯೋ ಜೋಡಿಸುತ್ತಾಳೆ. ಅಪ್ಪ ಕುಬೇರಪ್ಪ ಕೈಮಗ್ಗದವನು. ಈ ಸಲ ಮದುವೆಗಳು ಹೆಚ್ಚಾದವು, ಕಂಪ್ಯೂಟರ್ ಮಾತ್ರ ಒಂದೇ ಉಳಿಯಿತು. ಇನ್ನೊಂದು ಕೊಳ್ಳಿರಿ ಅಂದರೆ ಸಾವುಕಾರರಿಗೆ ಎದೆ ಹಿಡಿದುಕೊಳ್ಳುತ್ತದೆ. ಅಷ್ಟರಲ್ಲಿ ಮೊಬೈಲಿನಲ್ಲಿ ಯಾವನೋ ಹೇಳಿದ: ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸಬಹುದು, ಅದಕ್ಕೆ ಓವರ್‌ಕ್ಲಾಕ್ ಅನ್ನುತ್ತಾರೆ, ಖರ್ಚು ಸೊನ್ನೆ. ಆಯುಷ್ಯವೆಲ್ಲ ಆಳುಗಳನ್ನು ಹಾಗೇ ಓಡಿಸಿದವರಿಗೆ ಈ ವಿದ್ಯೆ ಭಾಳ ಹಿಡಿಸಿತು.

ಕೆಲಸ ಅನುರಾಧಾಳ ತಲೆಗೆ ಬಂತು. ಕಂಪನಿ ಇಟ್ಟ ವೇಗದ ಅಂಕಿ ನಲವತ್ತು, ಅಂದರೆ ನಾಲ್ಕು ಗಿಗಾಹರ್ಟ್ಜ್. ಅವಳು ಒಂದೊಂದೇ ಅಂಕಿ ಏರಿಸಿದಳು. ಏರಿಸಿದಾಗಲೆಲ್ಲ ಒಂದು ತಾಸು ಯಂತ್ರಕ್ಕೆ ಮೈತುಂಬ ಕೆಲಸ ಕೊಟ್ಟು ಬಿಸಿ ನೋಡಿದಳು, ಅದೂ ತಗಡಿನ ಮಾಡು ಕಾಯುವ ಮಧ್ಯಾಹ್ನದಲ್ಲೇ. "ಗೇಣು ನೇಯ್ದು ಮಗ್ಗ ಹೊಗಳಬ್ಯಾಡವಾ, ಸೀರಿ ಇಳಿಸಿ ಹೊಗಳು" ಎಂದು ಕುಬೇರಪ್ಪ ಹೇಳಿಕೊಟ್ಟಿದ್ದ. ನಲವತ್ತೈದರಲ್ಲಿ ಬಿಸಿ ಎಂಬತ್ತೆರಡು ಡಿಗ್ರಿಗೆ ನಿಂತಿತು. ನಲವತ್ತಾರಕ್ಕೆ ವೋಲ್ಟೇಜ್ ಹೆಚ್ಚು ಬೇಡಿತು, ತೊಂಬತ್ತಾರು ಡಿಗ್ರಿ ಮುಟ್ಟಿತು, ಕಂಪ್ಯೂಟರ್ ತಾನೇ ಬಂದ್ ಆಯಿತು. ಅವಳು ಒಂದು ಅಂಕಿ ಇಳಿಸಿ ಅಲ್ಲಿಗೇ ನಿಲ್ಲಿಸಿದಳು.

"ನಲವತ್ತೈದರ ಮ್ಯಾಲ ಆಗಂಗಿಲ್ರಿ ಸಾವುಕಾರ್ರ."

ಸಾವುಕಾರರು ನಕ್ಕರು. ನೇಕಾರ ಒಂದು ಸೀರೆಗೆ ಎಂಟು ದಿನ ಅಂದರೆ ಎರಡು ದಿನ ಒಳಗಿಟ್ಟುಕೊಂಡೇ ಹೇಳುತ್ತಾನೆ; ನೂಲು ಹರಿಯಬಹುದು, ಮನೆಯಲ್ಲಿ ಜ್ವರ ಬರಬಹುದು. ಮೂವತ್ತು ವರ್ಷ ಆ ಎರಡು ದಿನ ಕಿತ್ತುಕೊಂಡೇ ಇವರು ಮಾಳಿಗೆ ಕಟ್ಟಿದ್ದು.

"ನೇಕಾರನ ಮಗಳಲ್ಲೇನವಾ ನೀ? ಎರಡು ಬಚ್ಚಿಟ್ಕೊಂಡೀ."

"ಬಿಸಿ ಎಷ್ಟೈತಿ ಅಲ್ಲೇ ಕಾಣತೈತ್ರಿ, ನೀವ ನೋಡ್ರಿ."

ಅವರು ನೋಡಲಿಲ್ಲ. ಮರುದಿನ ಮುಂಜಾನೆ ತಂಪು ಹೊತ್ತಿನಲ್ಲಿ, ಅವಳು ಬರುವ ಮೊದಲೇ, ನಲವತ್ತೇಳಕ್ಕೆ ಏರಿಸಿದರು. ವೋಲ್ಟೇಜನ್ನು ಉದಾರವಾಗಿ ಕೊಟ್ಟರು. ಉದಾರವಾಗಿ ಅವರು ಏನನ್ನಾದರೂ ಕೊಟ್ಟದ್ದು ಅದೇ ಮೊದಲು. ಪರದೆಯ ಫೋಟೋ ಹೊಡೆದು ಮೊಬೈಲ್ ಸ್ಟೇಟಸ್ಸಿಗೂ ಹಾಕಿದರು: "ಖುದ್ದು ನಾನೇ ಮಾಡಿದ್ದು."

ಅವತ್ತು ಸಂಜೆಗೆ ಮಲ್ಲಸಮುದ್ರದ ಇನಾಯತರ ಮಗಳ ಮದುವೆ ವಿಡಿಯೋ ಕೊಡಬೇಕಿತ್ತು. ಅನುರಾಧಾಳನ್ನು ಮುಟ್ಟಗೊಡದೆ ಸಾವುಕಾರರೇ ಕುಂತರು. ಮೂರು ಸಲ ಯಂತ್ರ ಅರ್ಧಕ್ಕೇ ಸತ್ತಿತು. ನಾಲ್ಕನೆಯ ಸಲ ವಿಡಿಯೋ ಬಂತು, ಆದರೆ ಮದುಮಗನ ಮುಖ ಒಡೆದು ಚೌಕ ಚೌಕ. ಇನಾಯತರು ಬಂದು ನೋಡಿದರು.

"ಏನ್ರಿ ಸಾವುಕಾರ್ರ, ನಮ್ಮ ಅಳಿಯಾಗ ಚೌಕಡಿ ಸೀರಿ ಉಡಿಸೀರಿ?"

ಅನುರಾಧಾ ಕುರ್ಚಿ ಎಳೆದುಕೊಂಡು ಕುಂತು ನಲವತ್ತೈದಕ್ಕೆ ಇಳಿಸಿದಳು. ಎರಡೂವರೆ ತಾಸಿಗೆ ನೆಟ್ಟಗಿನ ವಿಡಿಯೋ ಇನಾಯತರ ಕೈಗೆ ಬಂತು.

ತಿಂಗಳು ಮುಗಿದ ಮೇಲೆ ಪಗಾರ ಕೇಳಿದರೆ, "ಯಂತ್ರ ಕೆಡಿಸೀ, ಅದರ ನುಕಸಾನಿಗೆ ಮುರಕೊಂಡೀನಿ" ಅಂದರು. ಆ ಕೆಟ್ಟ ಯಂತ್ರ ಇವತ್ತಿಗೂ ನಲವತ್ತೈದರಲ್ಲಿ ಓಡಿ ಸಾವುಕಾರರಿಗೆ ಗಳಿಸಿಕೊಡುತ್ತಿದೆ. ಸ್ಟೇಟಸ್ ಒಂದು ದಿನಕ್ಕೆ ಅಳಿಸಿಹೋಯಿತು. ಅನುರಾಧಾ ಅದರ ಚಿತ್ರ ತೆಗೆದಿಟ್ಟಿದ್ದಾಳೆ. ನಲವತ್ತೇಳು ಅಂತಿದೆ, ಖುದ್ದು ನಾನೇ ಅಂತಿದೆ.

"ಬೇಡಾಕ ಬಂದಿಲ್ರಿ" ಅನ್ನುತ್ತಾಳೆ. "ದುಡದದ್ದು ಕೇಳಾಕತ್ತೀನಿ."

ಓದಿ ಅಯ್ಯೋ ಪಾಪ ಅನ್ನಬೇಡಿ, ಅದರಿಂದ ಅಕ್ಕಿ ಬರುವುದಿಲ್ಲ. ನಿಮ್ಮ ಮನೆಯಲ್ಲೂ ಮದುವೆ ಇರುತ್ತದೆ. ಮುಂಗಡ ಕೊಡುವ ಮೊದಲು ಆ ಅಂಗಡಿಯಲ್ಲಿ, ನಾಲ್ಕು ಮಂದಿ ಗಿರಾಕಿ ಇರುವಾಗ, ಗಟ್ಟಿಯಾಗಿ ಕೇಳಿ: ಅನುರಾಧಾನ ಏಪ್ರಿಲ್ ಪಗಾರ ಕೊಟ್ಟೀರೇನ್ರಿ? ಬಂತು ಅಂತ ಅವಳ ಬಾಯಿಂದ ಕೇಳುವವರೆಗೆ ರೊಕ್ಕ ಕಿಸೆಯಿಂದ ತೆಗೆಯಬೇಡಿ.