ಚಡ್ಡಿ ಹಿಡಿಯಬೇಡ ಎಂದ ಪುಸ್ತಕ

ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಊಟಕ್ಕೆ ಕೂತರೂ ಒಂದು ಮಂಡಿ ಕುಣಿಯುತ್ತಲೇ ಇರುತ್ತದೆ. ಅಂಥವನು ಐವತ್ತರ ದಶಕದ ಒಂದು ಬೇಸಿಗೆಯಿಡೀ ವಾರವಾರವೂ ಹುಣಸೂರಿನ ಪುಸ್ತಕಾಲಯವೊಂದರಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ ಅಂದರೆ ಮನೆಯಲ್ಲಿ ಈಗಲೂ ಯಾರೂ ನಂಬುವುದಿಲ್ಲ.

ಅಲ್ಲಿ ಕತೆ, ಪುರಾಣ ಒಂದೂ ಇರಲಿಲ್ಲ. ಕಾಫಿ ತೋಟದ ದೊರೆಯೊಬ್ಬರು ತಮ್ಮ ದೇಶಕ್ಕೆ ಹೊರಡುವಾಗ ಊರಿಗೆ ಬಿಟ್ಟುಹೋದ ಪುಸ್ತಕಗಳವು. ಎಲ್ಲವೂ ಆಟದವೇ. ಯಾವ ದೇಶದವರು ಹೇಗೆ ಓಡುತ್ತಾರೆ, ಹೇಗೆ ಈಜುತ್ತಾರೆ, ಮಂಜಿನ ಮೇಲೆ ಹೇಗೆ ಜಾರುತ್ತಾರೆ ಎನ್ನುವುದೆಲ್ಲ ಗಾಜಿನ ಬೀರುಗಳಲ್ಲಿ ತುಂಬಿತ್ತು. ನೋಡಿಕೊಳ್ಳುತ್ತಿದ್ದವರು ದೊರೆಯ ಹಳೆಯ ಮ್ಯಾನೇಜರು. ಇಸ್ತ್ರಿ ಹಾಕಿದ ಪ್ಯಾಂಟು, ಸೊಂಟಕ್ಕೆ ಅಗಲವಾದ ಬೆಲ್ಟು. ಪುಸ್ತಕವನ್ನು ಹೊರಗೆ ಕೊಡುತ್ತಿರಲಿಲ್ಲ. ಕೈ ತೊಳೆದು ಬರಬೇಕು, ಮಾತಾಡಬಾರದು, ಕುರ್ಚಿ ಎಳೆದಾಡಬಾರದು. ಮೊದಲ ದಿನವೇ ನನ್ನ ಮಂಡಿ ಕುಣಿತಕ್ಕೆ ಮೇಜು ಅಲುಗಾಡಿ ಅವರಿಂದ ಬೈಸಿಕೊಂಡೆ.

ನಾನು ಪಿರಿಯಾಪಟ್ಟಣದ ಪೈಲ್ವಾನ. ಅಪ್ಪ ಹೊಗೆಸೊಪ್ಪಿನ ಮಂಡಿಯ ಯಜಮಾನ, ನಮ್ಮ ಗರಡಿಮನೆಯ ಉಸ್ತಾದ. ಅವರದೊಂದು ಪಟ್ಟು ಇತ್ತು. ಎದುರಾಳಿ ಇನ್ನೇನು ಜಾರಿಕೊಂಡ ಅನ್ನುವಾಗ ಅವನ ಚಡ್ಡಿಯ ಪಟ್ಟಿಗೆ ಕೈ ತೂರಿಸಿ, ಒಂದೇ ಎಳೆತಕ್ಕೆ ಮಗುಚಿಹಾಕುವುದು. ಕೃಷ್ಣರಾಜನಗರದಿಂದ ಕೋಟೆ ತಾಲ್ಲೂಕಿನವರೆಗೆ ಅಪ್ಪನ ಆ ಪಟ್ಟಿನಲ್ಲಿ ಸಿಕ್ಕಿಬಿದ್ದವರು ಇದ್ದರು. ನನಗೆ ಮೀಸೆ ಮೂಡುವ ಮೊದಲೇ ಅಪ್ಪ ಅದನ್ನು ನನ್ನ ಬಲಗೈಗೆ ಕಲಿಸಿದ್ದರು. ಸರಗೂರಿನಲ್ಲಿ ಅದರಿಂದಲೇ ಗೆದ್ದು, ಹೆಗಲ ಮೇಲೆ ಮೆರೆದು ಬಂದಿದ್ದೆ.

ಆ ವರ್ಷ ಮೈಸೂರಿನಲ್ಲಿ ರಾಜ್ಯದ ತಂಡಕ್ಕೆ ಪೈಲ್ವಾನರನ್ನು ಆರಿಸುತ್ತಾರೆ ಅಂತ ಸುದ್ದಿ ಬಂತು. ಗರಡಿಯ ಮಣ್ಣಿನ ಮಟ್ಟಿಯಲ್ಲಿ ಅಲ್ಲ, ಮೆತ್ತನೆಯ ಮ್ಯಾಟಿನ ಮೇಲೆ. ನಮ್ಮ ಕಾಯಿದೆಯಲ್ಲ, ಹೊರದೇಶದ ಕಾಯಿದೆ. ಅಪ್ಪ ಎಲೆಯಡಿಕೆ ಜಗಿಯುತ್ತ ಖಡಾಖಂಡಿತವಾಗಿ ಹೇಳಿಬಿಟ್ಟರು: “ಒಂದ್ಸಲ ಓಗ್ ಬಾ. ಆರಿಸ್ಕಂಡ್ರೆ ಸರಿ. ಇಲ್ದಿದ್ರೆ ಕುಸ್ತಿಗಿಸ್ತಿ ಸಾಕು ಕಣ್ಲಾ, ಮಂಡೀಲಿ ಬಂದ್ ಕೂತ್ಕೊ.” ಮಂಡಿಯಲ್ಲಿ ಬೆಳಗಿನಿಂದ ಸಂಜೆಯ ತನಕ ಗಾದಿಯ ಮೇಲೆ ಕೂರುವುದು! ನೆನೆಸಿಕೊಂಡರೇ ನನಗೆ ಉಸಿರು ಕಟ್ಟುತ್ತಿತ್ತು. ಆ ಕಾಯಿದೆ ಏನೆಂದು ತಿಳಿಯಲೇಬೇಕಾಯಿತು. ಸಂತೆಯ ದಿನದ ಬಸ್ಸು ಹತ್ತಿ ಹುಣಸೂರಿಗೆ ಬಂದೆ.

ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಮ್ಯಾನೇಜರಿಗೆ ಇಂಗ್ಲಿಷು ನೀರು ಕುಡಿದ ಹಾಗೆ, ಆದರೆ ಕುಸ್ತಿಯ ಗಂಧಗಾಳಿ ಇಲ್ಲ. ಅವರು ಒಂದು ಸಾಲು ಓದಿ ಕನ್ನಡದಲ್ಲಿ ಹೇಳುವರು, ಅದು ನನಗೆ ಅರ್ಥವಾಗದು. ನಾನು ಕೇಳುವುದು ಅವರಿಗೆ ಅರ್ಥವಾಗದು. ಕೊನೆಗೆ ಒಂದು ದಿನ ಬೇರೆ ಓದುಗರು ಯಾರೂ ಇಲ್ಲದ್ದನ್ನು ನೋಡಿ, ಕನ್ನಡಕ ತೆಗೆದಿಟ್ಟು ಎದ್ದು ನಿಂತರು.

“ಎಲ್ಲಿ, ನನ್ನನ್ನೇ ಹಿಡಿದು ತೋರಿಸಯ್ಯ. ಮೆಲ್ಲಗೆ!”

ಮೆಲ್ಲಗೇ ಹಿಡಿದೆ. ಅವರು ಗಾಬರಿಬಿದ್ದು ಪಕ್ಕಕ್ಕೆ ಸರಿದರು. ಸರಿದದ್ದೇ ತಡ, ನನ್ನ ಬಲಗೈ ನನ್ನನ್ನು ಕೇಳದೆ ಅವರ ಬೆಲ್ಟಿನೊಳಕ್ಕೆ ಹೋಗಿತ್ತು. ಕುರ್ಚಿ ಉರುಳಿತು. ಪುಣ್ಯಕ್ಕೆ ಅವರು ಬೀಳಲಿಲ್ಲ.

“ಅದೇ! ಅದೇ ಕಣಯ್ಯ!” ಅಂತ ತಮ್ಮದೇ ಪುಸ್ತಕಾಲಯದಲ್ಲಿ ಅವರೇ ಕೂಗಿಬಿಟ್ಟರು. “ಈಗ ತಾನೆ ಓದಿದ್ನಲ್ಲ, ತೊಟ್ಟ ಬಟ್ಟೆ ಹಿಡಿಯಬಾರದು ಅಂತ. ಅದು ಇದೇ ಅಲ್ಲವಾ?”

ಅದು ಅಪ್ಪನ ಪಟ್ಟೇ. ಇನ್ನೊಮ್ಮೆ ಓದಿಸಿದೆ, ಮತ್ತೊಮ್ಮೆ ಓದಿಸಿದೆ. ಬೇರೆ ಎರಡು ಪುಸ್ತಕಗಳಲ್ಲೂ ಹಾಗೇ ಇತ್ತು. ಚಿತ್ರಗಳಲ್ಲಿ ಬಿಳಿಯರ ಕೈಗಳೆಲ್ಲ ಬರೀ ಮೈಯ ಮೇಲೆ, ಒಂದಾದರೂ ಚಡ್ಡಿಯ ಮೇಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಚಡ್ಡಿ ಇಡೀದೆ ಇನ್ನೇನ್ ಜುಟ್ ಇಡಿಯಾದಾ? ಬುಡು, ಪುಸ್ತಕ ಬಂದು ಕುಸ್ತಿ ಆಡ್ತದಾ?”

ಅಂದಿನಿಂದ ನನಗೆ ನೆಮ್ಮದಿ ಅನ್ನುವುದು ಹೋಯಿತು. ಗರಡಿಯಲ್ಲಿ ಬಲಗೈ ಬೆರಳುಗಳನ್ನು ಸೇರಿಸಿ ಬಟ್ಟೆ ಸುತ್ತಿಕೊಂಡು ಸಾಮು ಮಾಡಿದೆ, ಹಿಡಿಯಲು ಹೋದರೂ ಹಿಡಿಯಲಾಗದಂತೆ. ಜೊತೆಯವರು ಕೈಗೆ ಏನಾಯ್ತೋ ಅಂತ ಕಿಚಾಯಿಸಿದರು. ಅಪ್ಪ ಒಂದು ಸಲ ಬಾಗಿಲಲ್ಲಿ ನಿಂತು ನೋಡಿ ಹೊರಟುಹೋದರು. ಅವರ ಪಟ್ಟನ್ನು ಅವರ ಗರಡಿಯಲ್ಲೇ ಮರೆಯಲು ಹೆಣಗುತ್ತಿದ್ದೆ. ನನಗೆ ಸಂಕಟವೂ ಆಗುತ್ತಿತ್ತು, ಅಪ್ಪನ ಮೇಲೆ ಸಿಟ್ಟೂ ಬರುತ್ತಿತ್ತು. ಪ್ರತಿ ವಾರ ಹುಣಸೂರಿಗೆ ಹೋಗಿ ಅದೇ ಚಿತ್ರಗಳನ್ನು ಕಣ್ಣು ನೋಯುವಷ್ಟು ನೋಡಿ ಬರುತ್ತಿದ್ದೆ.

ಆಯ್ಕೆಯ ದಿನ ಅಪ್ಪನೂ ಜರಿಪೇಟ ಸುತ್ತಿಕೊಂಡು ಮೈಸೂರಿಗೆ ಬಂದರು, ಮ್ಯಾಟಿನ ಅಂಚಿನಲ್ಲೇ ಜಾಗ ಹಿಡಿದು ಕೂತರು. ಬಟ್ಟೆ ಹಿಡಿದರೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಹೊರಗೆ ಅಂತ ರೆಫರಿ ಎಲ್ಲರಿಗೂ ಸಾರಿ ಹೇಳಿದರು. ಶುರುವಿನಲ್ಲೇ ನನ್ನ ಕೈ ಒಮ್ಮೆ ತಪ್ಪಿತು. ಸೀಟಿ ಊದಿದರು, ಎಚ್ಚರಿಕೆ ಕೊಟ್ಟರು. ಆಮೇಲೆ ಕೈ ಹದ್ದುಬಸ್ತಿಗೆ ಬಂತು. ಎರಡು ಸಲ ಎದುರಾಳಿಯನ್ನು ಕೆಡವಿದೆ. ಪಾಯಿಂಟು ನನ್ನ ಕಡೆಗಿತ್ತು, ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಆಗ ಅವನು ನನ್ನ ಅಡಿಯಿಂದ ಜಾರತೊಡಗಿದ. ಜಾರಿದರೆ ಜಾರಲಿ, ಗೆಲುವು ನನ್ನದೇ ಅಂದುಕೊಂಡು ಕೈ ಬಿಟ್ಟೆ.

“ಚಡ್ಡಿ ಇಡ್ಕಳ್ಲಾ!”

ಅಪ್ಪನ ದನಿ. ಹತ್ತು ವರ್ಷ ಗರಡಿಯಲ್ಲಿ ಕೇಳಿದ ದನಿ. ನನ್ನ ತಲೆಗೆ ಅದು ಮುಟ್ಟುವ ಮೊದಲೇ ಕೈಗೆ ಮುಟ್ಟಿತ್ತು. ಬೆರಳುಗಳು ಪಟ್ಟಿಯನ್ನು ಹಿಡಿದವು, ಎಳೆದವು, ಅವನು ಚಿತ್ತಾಗಿ ಬಿದ್ದ. ನಮ್ಮ ಊರಿನಲ್ಲಾಗಿದ್ದರೆ ತಮಟೆ ಬಡಿಯುತ್ತಿದ್ದರು. ಇಲ್ಲಿ ರೆಫರಿ ಸೀಟಿ ಊದಿ, ಬಿದ್ದವನ ಕೈ ಎತ್ತಿದರು.

ಇಬ್ಬರೂ ಊರಿನ ಬಸ್ಸು ಹತ್ತಿದೆವು. ಬಿಳಿಕೆರೆ ಬಂತು, ಹೋಯಿತು. ಮಂಡಿಯ ಗಾದಿ, ಹೊಗೆಸೊಪ್ಪಿನ ಘಾಟು, ಇನ್ನು ಜೀವಮಾನವೆಲ್ಲ ಅಷ್ಟೇ ಎಂದು ನನ್ನ ಕಣ್ಣು ತುಂಬಿ ಬರುತ್ತಿತ್ತು. ಹುಣಸೂರಿನಲ್ಲಿ ಬಸ್ಸು ನಿಂತಾಗ ಅಪ್ಪ ಪೇಟ ತೆಗೆದು ಕಂಕುಳಿಗಿಟ್ಟುಕೊಂಡು ಎದ್ದರು.

“ಇಳೀಲಾ.”

“ನಮ್ಮೂರು ಇನ್ನೂ ಮುಂದೈತೆ ಕಣಪ್ಪ.”

“ಗೊತ್ತು. ಆ ಪುಸ್ತಕದ್ ಮನೆ ಎಲ್ಲೈತೆ ತೋರ್ಸು.”

ಕರೆದುಕೊಂಡು ಹೋದೆ. ಸಂಜೆಯಾಗಿತ್ತು, ಬಾಗಿಲು ಹಾಕಿತ್ತು. ಅಪ್ಪ ಕಿಟಕಿಯ ಗಾಜಿಗೆ ಹಣೆ ಒತ್ತಿ ಒಳಗಿನ ಬೀರುಗಳನ್ನು ನೋಡುತ್ತ ನಿಂತರು. ನನ್ನ ಕಡೆ ತಿರುಗಲಿಲ್ಲ.

“ನಿನ್ ಕೈ ಕಲ್ತಿತ್ತು ಕಣ್ಲಾ,” ಅಂದರು. “ನನ್ ಬಾಯಿ ಕಲ್ತಿರ್ನಿಲ್ಲ.”

ಜಗಲಿಯ ಮೂಲೆಯಲ್ಲಿ ಓದುಗರು ಕೈ ತೊಳೆಯುವ ನೀರಿನ ತೊಟ್ಟಿ ಇತ್ತು. ಅಪ್ಪ ಅದನ್ನು ನೋಡಿ, ಇದು ಯಾತಕ್ಕೆ ಅಂತ ಕೇಳಿದರು. ಹೇಳಿದೆ.

“ನಾಳಿಕೆ ಬಾಗ್ಲು ಎಷ್ಟೊತ್ಗೆ ತೆಗೀತಾರೆ?” ಅಂದರು.